ಹಳೆಯ ಧ್ವನಿಯಂತ್ರಕ್ಕೆ ಅಂಗೈಯಗಲದ ಗಣಕ

ಶಬ್ದವು ಆಕಾಶದ ಗುಣವೆಂದು ನಮ್ಮ ದಾರ್ಶನಿಕರು ಹೇಳಿದರು. ಓದಿ ತಿಳಿದವರಿಗಿಂತ ಕೇಳಿ ತಿಳಿದವರೇ ಹೆಚ್ಚಾಗಿದ್ದ ಈ ನಾಡಿನಲ್ಲಿ ಶರಣರ ವಚನಗಳು ತಾಡವೋಲೆಯ ಕಟ್ಟುಗಳಲ್ಲಿ ಉಳಿದಂತೆಯೇ ಹಾಡುವವರ ಕಂಠದಲ್ಲಿಯೂ ಉಳಿದು ಬಂದವು. ಬೆಳಗಿನ ಪೂಜೆಯ ಹೊತ್ತಿನಲ್ಲಿ, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮನೆಯೊಳಗೆ ಒಂದು ಒಳ್ಳೆಯ ದನಿ ಕೇಳಿಬರಬೇಕೆಂಬುದು ನಮ್ಮ ಗೃಹಿಣಿಯರ ಬಹುಕಾಲದ ಅಪೇಕ್ಷೆ.

ಆ ದನಿಯನ್ನು ಮನೆಗೆ ತಂದ ಸಾಧನಗಳು ನೂರು ವರ್ಷಗಳಲ್ಲಿ ಹಲವು ಬಾರಿ ಬದಲಾಗಿವೆ. ಮೊದಲು ಗ್ರಾಮಫೋನಿನ ತಟ್ಟೆ ಬಂದಿತು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದಿಂದ ದೇಶಕ್ಕೆಲ್ಲ ಹಬ್ಬಿತು. 1950ರಲ್ಲಿ ಧಾರವಾಡದಲ್ಲಿ, 1976ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರಗಳು ತೆರೆದವು. ಪಂಡಿತ ಮಲ್ಲಿಕಾರ್ಜುನ ಮನಸೂರ, ಪಂಡಿತ ಬಸವರಾಜ ರಾಜಗುರು ಅವರಂಥ ಮಹನೀಯರ ಕಂಠದಿಂದ ಹೊಮ್ಮಿದ ವಚನಗಾಯನವನ್ನು ಎಷ್ಟೋ ಕುಟುಂಬಗಳು ಮೊದಲು ಕೇಳಿದ್ದು ಬಾನುಲಿಯಲ್ಲಿಯೇ. 1963ರಲ್ಲಿ ಯುರೋಪಿನಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟು, ಎಂದರೆ ನಾವು ಧ್ವನಿಸುರುಳಿ ಎಂದು ಕರೆಯುತ್ತಿದ್ದ ವಸ್ತು, 1980ರ ದಶಕದ ಹೊತ್ತಿಗೆ ನಮ್ಮ ಹಳ್ಳಿಗಳನ್ನೂ ಮುಟ್ಟಿತು. ಅದರ ವಿಶೇಷವೆಂದರೆ ಅದು ಹಾಡುತ್ತಿದ್ದುದಲ್ಲದೆ ಕೇಳಿಸಿಕೊಳ್ಳಲೂ ಬಲ್ಲುದಾಗಿತ್ತು. ಮನೆಯ ಹಿರಿಯರು ಹಾಡಿದ್ದನ್ನು ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ಸೌಕರ್ಯ ಜನಸಾಮಾನ್ಯರಿಗೆ ಒದಗಿದ್ದು ಈ ಸುರುಳಿಯಿಂದ.

ಈಗ ಕೈಗೊಂದು ಮೊಬೈಲು ಬಂದಿದೆ. ಮನೆಯಲ್ಲಿ ಐವರಿದ್ದರೆ ಐವರ ಕಿವಿಯಲ್ಲಿ ಐದು ಬಗೆಯ ಹಾಡು. ಪಡಸಾಲೆಯ ಆಂಪ್ಲಿಫೈಯರು, ಮರದ ಪೆಟ್ಟಿಗೆಯ ಎರಡು ಸ್ಪೀಕರುಗಳು ಹಳೆಯ ಸೀರೆಯ ತುಂಡನ್ನು ಹೊದ್ದು ಮೂಲೆ ಸೇರಿವೆ. ಅವು ಕೆಟ್ಟಿಲ್ಲ, ಅವಕ್ಕೆ ಉಣಿಸುವವರಿಲ್ಲ. ಆ ಹಳೆಯ ಯಂತ್ರಕ್ಕೆ ಒಂದು ಚಿಕ್ಕ ಗಣಕವನ್ನು ಜೋಡಿಸಿದರೆ ಮನೆಮಂದಿಯೆಲ್ಲ ಕೂಡಿ ಕೇಳುವ ಪದ್ಧತಿ ಮರಳಿ ಬರಬಲ್ಲದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರ್ಯವೂ ಅದರಿಂದ ಆಗಬಲ್ಲದು. ಆ ಎರಡನ್ನೂ ಇಲ್ಲಿ ಕ್ರಮವಾಗಿ ನಿವೇದಿಸುತ್ತೇವೆ.

ಕಬಕದಲ್ಲಿ ಕಂಡದ್ದು

ಮಂಗಳೂರಿನಿಂದ ಮಾಣಿಯ ಮಾರ್ಗವಾಗಿ ಪುತ್ತೂರಿಗೆ ಹೋಗುವಾಗ ಪೇಟೆ ಸೇರುವ ಮುನ್ನ ಕಬಕ ಸಿಗುತ್ತದೆ. ವಿಟ್ಲಕ್ಕೆ ಹೋಗುವ ದಾರಿ ಅಲ್ಲಿಂದ ಕವಲೊಡೆಯುತ್ತದೆ. ಪುತ್ತೂರಿನ ರೈಲು ನಿಲ್ದಾಣಕ್ಕೂ ‘ಕಬಕ ಪುತ್ತೂರು’ ಎಂದೇ ಹೆಸರು. ಘಟ್ಟದ ಕೆಳಗಿನ ಈ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ನೌಕರಿಯ ನಿಮಿತ್ತ ಹಾವೇರಿ ಕಡೆಯಿಂದ ಬಂದು ಅಲ್ಲಿಯೇ ನೆಲೆನಿಂತ ಸದ್ಭಕ್ತರೊಬ್ಬರ ಮನೆಗೆ ನಾವು ಕೆಲವು ಕಾಲದ ಹಿಂದೆ ಹೋಗಿದ್ದೆವು. ಅಡಿಕೆ ತೋಟದ ಅಂಚಿನಲ್ಲಿರುವ ಹೆಂಚಿನ ಮನೆ. ಪಡಸಾಲೆಯಲ್ಲಿ ಮೂವತ್ತೈದು ವರ್ಷಕ್ಕೂ ಹಳೆಯದಾದ ಆಂಪ್ಲಿಫೈಯರು, ಟೇಪ್ ಡೆಕ್ಕು. ಪಕ್ಕದ ಟ್ರಂಕಿನಲ್ಲಿ ನೂರರ ಮೇಲೆ ಕ್ಯಾಸೆಟ್ಟುಗಳು.

ಆ ಕ್ಯಾಸೆಟ್ಟುಗಳಲ್ಲಿ ಮೂರು ಅಂಗಡಿಯಿಂದ ತಂದವಲ್ಲ. ಮನೆಯ ಯಜಮಾನರ ತಾಯಿ ಬೀಸುವಾಗ ಹಾಡುತ್ತಿದ್ದ ಪದಗಳು, ಜೋಗುಳಗಳು, ಶಿವರಾತ್ರಿಯ ಜಾಗರಣೆಯಲ್ಲಿ ಹೇಳಿದ ವಚನಗಳು ಅವುಗಳಲ್ಲಿದ್ದವು. ಆ ತಾಯಿ ಲಿಂಗೈಕ್ಯರಾಗಿ ಬಹಳ ವರ್ಷಗಳಾಗಿವೆ. ಯಜಮಾನರ ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಬೀಡಿಕಟ್ಟಿನಷ್ಟು ದಪ್ಪ, ಅಂಗೈಯಷ್ಟು ಅಗಲದ ಗಣಕವೊಂದನ್ನು ಆಂಪ್ಲಿಫೈಯರಿನ ಬೆನ್ನಿಗೆ ಜೋಡಿಸಿ ಮನಸೂರರ ಗಾಯನವನ್ನು ನಮಗೆ ಕೇಳಿಸಿದಳು. ಅಜ್ಜನ ಸ್ಪೀಕರುಗಳು ಮರುಜೀವ ಪಡೆದಂತೆ ನುಡಿದವು. ನಾವು ಸಂತೋಷಗೊಂಡು, “ಮಗಳೇ, ಹಾಗಾದರೆ ನಿಮ್ಮ ಮುತ್ತಜ್ಜಿಯ ಹಾಡನ್ನೂ ಇದರೊಳಗೆ ಇಟ್ಟುಬಿಡಬಾರದೇಕೆ?” ಎಂದು ಕೇಳಿದೆವು. ಅವಳು ನಕ್ಕು, “ಅಜ್ಜಾರ, ಇದು ಹಾಡ್ತದ, ಆದ್ರ ಕೇಳೂದಿಲ್ಲ. ಇದಕ್ಕ ಬಾಯಿ ಅದ, ಕಿವಿ ಇಲ್ಲ” ಎಂದಳು.

ಈ ಒಂದು ಮಾತಿನಲ್ಲಿ ವಿಷಯದ ತಿರುಳೇ ಅಡಗಿದೆ. ಮೊದಲು ಬಾಯಿಯ ವಿಚಾರ, ಅನಂತರ ಕಿವಿಯ ವಿಚಾರ.

ಈ ಗಣಕವೆಂದರೇನು

ಇಂಥ ಚಿಕ್ಕ ಗಣಕಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ರಾಸ್ಪ್‌ಬೆರಿ ಪೈ. ಶಾಲೆಯ ಮಕ್ಕಳು ಗಣಕದ ಒಳಗುಟ್ಟನ್ನು ಕೈಯಾರೆ ಕಲಿಯಲೆಂಬ ಉದ್ದೇಶದಿಂದ ಬ್ರಿಟನ್ನಿನ ಒಂದು ಸೇವಾಪ್ರತಿಷ್ಠಾನವು 2012ರ ಫೆಬ್ರವರಿ 29ರಂದು ಇದನ್ನು ಮಾರಾಟಕ್ಕೆ ತಂದಿತು. ಅಂದಿನ ಬೆಲೆ 35 ಡಾಲರು. ಉದ್ದ ಸುಮಾರು 85 ಮಿಲಿಮೀಟರು, ಅಗಲ 56. ಪರದೆ, ಕೀಲಿಮಣೆ ಯಾವುದೂ ಇದರ ಜೊತೆ ಬರುವುದಿಲ್ಲ. ಉಗುರಿನಷ್ಟು ದೊಡ್ಡದಾದ ಮೆಮೊರಿ ಕಾರ್ಡೇ ಇದರ ಭಂಡಾರ. ಮೊಬೈಲಿನ ಚಾರ್ಜರಿನಂಥದೇ 5 ವೋಲ್ಟಿನ ವಿದ್ಯುತ್ತು ಇದಕ್ಕೆ ಸಾಕು. 2016ರಲ್ಲಿ ಬಂದ ಮೂರನೆಯ ತಲೆಮಾರಿನಿಂದ ತಂತಿಯಿಲ್ಲದ ವೈಫೈ ಸಂಪರ್ಕವೂ ಅದರೊಳಗೇ ಸೇರಿದೆ.

ಇದರಲ್ಲಿ ಹಾಡಿನ ಕೆಲಸಕ್ಕೆಂದೇ ಸಿದ್ಧಪಡಿಸಿದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ವೊಲ್ಯೂಮಿಯೊ, ಮೂಡ್ ಎಂಬವು ಹಾಡಿಗಾಗಿಯೇ ಇರುವಂಥವು; ದೂರದರ್ಶನ ಪೆಟ್ಟಿಗೆಗೂ ಜೋಡಿಸಬೇಕೆಂದರೆ ಲಿಬ್ರೆಎಲೆಕ್ ಇದೆ. ಮನೆಯ ದೊಡ್ಡ ಗಣಕದಿಂದ ತಂತ್ರಾಂಶವನ್ನು ಕಾರ್ಡಿಗೆ ಬರೆದು, ಕಾರ್ಡನ್ನು ಚಿಕ್ಕ ಗಣಕಕ್ಕೆ ತೊಡಿಸಿ, ವಿದ್ಯುತ್ತು ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಎಚ್ಚರಗೊಳ್ಳುತ್ತದೆ. ಬಳಿಕ ಮನೆಯವರ ಮೊಬೈಲಿನ ಪರದೆಯ ಮೇಲೆಯೇ ಹಾಡುಗಳ ಪಟ್ಟಿ ತೋರುತ್ತದೆ. ಬೆರಳಿಟ್ಟ ಹಾಡು ಪಡಸಾಲೆಯ ಸ್ಪೀಕರಿನಲ್ಲಿ ನುಡಿಯುತ್ತದೆ.

ಅಂಕೆಯಿಂದ ಅಲೆಗೆ

ಗಣಕದೊಳಗೆ ಹಾಡಿಲ್ಲ, ಇರುವುದು ಅಂಕೆಗಳು ಮಾತ್ರ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಕ್ರಮದಲ್ಲಿ ದನಿಯ ಏರಿಳಿತವನ್ನು ಒಂದು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದೆಂದು ಗುರುತಿಸಿ ಬರೆದಿಡುತ್ತಾರೆ. ಸ್ಪೀಕರಿಗೆ ಅಂಕೆ ತಿಳಿಯದು, ಅದಕ್ಕೆ ಬೇಕಾದುದು ವಿದ್ಯುತ್ತಿನ ಅಲೆ. ಅಂಕೆಯನ್ನು ಅಲೆಯಾಗಿ ಮಾರ್ಪಡಿಸುವ ಅಂಗಕ್ಕೆ ಡ್ಯಾಕ್ ಎಂದು ಹೆಸರು. ಜೋಡಣೆಯ ಗುಣವೆಲ್ಲ ಬಹುಮಟ್ಟಿಗೆ ಈ ಅಂಗವನ್ನೇ ಅವಲಂಬಿಸಿದೆ.

ಇದಕ್ಕೆ ಮೂರು ಮಾರ್ಗಗಳುಂಟು. ಮೊದಲನೆಯದು ಗಣಕದಲ್ಲಿಯೇ ಇರುವ 3.5 ಮಿಲಿಮೀಟರಿನ ದುಂಡುತೂತು, ಎಂದರೆ ಕಿವಿಗೆ ಹಾಕುವ ಇಯರ್‌ಫೋನಿನ ಪಿನ್ನಿಗೆ ಹೊಂದುವಂಥದು. ನಾಲ್ಕನೆಯ ತಲೆಮಾರಿನವರೆಗಿನ ದೊಡ್ಡ ಮಾದರಿಗಳಲ್ಲಿ ಇದು ಇತ್ತು; 2023ರಲ್ಲಿ ಬಂದ ಐದನೆಯದರಲ್ಲಿ ತೆಗೆದುಹಾಕಿದ್ದಾರೆ; ‘ಜೀರೊ’ ಎಂಬ ಕಿರಿಯ ಮಾದರಿಯಲ್ಲಿ ಮೊದಲಿನಿಂದಲೂ ಇಲ್ಲ. ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳುವುದು ಲೇಸು. ಈ ತೂತಿನಿಂದ ಬರುವ ದನಿ ವಾರ್ತೆಗೆ, ಪ್ರವಚನಕ್ಕೆ ಸಾಕು. ಆದರೆ ಇದರ ಹಿಂದೆ ಪೂರ್ಣಪ್ರಮಾಣದ ಡ್ಯಾಕ್ ಇಲ್ಲದ ಕಾರಣ, ಹಾಡು ನಿಂತು ತಂಬೂರಿಯ ಶ್ರುತಿಯೊಂದೇ ಉಳಿದ ಗಳಿಗೆಯಲ್ಲಿ ಮರಳು ಜಾರಿದಂಥ ಸದ್ದು ಕೇಳಿಸುವುದುಂಟು.

ಎರಡನೆಯದು ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಹೊರಗಿನ ಡ್ಯಾಕ್. ಹೆಬ್ಬೆರಳಿನಷ್ಟು ಚಿಕ್ಕದರಿಂದ ಹಿಡಿದು ಪುಸ್ತಕದಷ್ಟು ದೊಡ್ಡದರವರೆಗೆ ಇವು ದೊರೆಯುತ್ತವೆ. ಗೃಹಸ್ಥರಿಗೆ ನಾವು ಸೂಚಿಸುವುದು ಇದನ್ನೇ. ಗಣಕ ಬದಲಾದರೂ ಡ್ಯಾಕ್ ಉಳಿಯುತ್ತದೆ. ಮೂರನೆಯದು ಗಣಕದ ಮೇಲಿರುವ 40 ಕಡ್ಡಿಗಳ ಸಾಲಿಗೆ ನೇರವಾಗಿ ಕೂರಿಸುವ ಹಲಗೆ. ದನಿ ಅತ್ಯುತ್ತಮ, ಆದರೆ ಕೈಕೆಲಸ ಬಲ್ಲವರಿಗೆ ತಕ್ಕುದು. ಎಚ್.ಡಿ.ಎಂ.ಐ. ಎಂಬ ತಂತಿಯಿಂದ ಟಿ.ವಿ.ಗೆ ಜೋಡಿಸಿ, ಟಿ.ವಿ.ಯಿಂದ ದನಿಯನ್ನು ಪಡೆಯುವ ದಾರಿಯೂ ಉಂಟು. ಹಾಡು ಕೇಳಲು ಟಿ.ವಿ.ಯನ್ನೂ ಉರಿಸಬೇಕಾಗುವುದು ಅದರ ಅನನುಕೂಲ.

ಜೋಡಿಸುವ ಕ್ರಮ

ಬೇಕಾದ ತಂತಿ ಒಂದೇ. ಅದರ ಒಂದು ತುದಿಗೆ 3.5 ಮಿಲಿಮೀಟರಿನ ಪಿನ್ನು, ಇನ್ನೊಂದು ತುದಿಗೆ ಕೆಂಪು ಬಿಳಿ ಬಣ್ಣದ ಎರಡು ಆರ್.ಸಿ.ಎ. ಪಿನ್ನುಗಳು. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ರೇಡಿಯೊ ದುರಸ್ತಿಯ ಅಂಗಡಿಗಳಲ್ಲಿ ಇದು ಸುಲಭವಾಗಿ ದೊರೆಯುತ್ತದೆ. ಆಂಪ್ಲಿಫೈಯರು ಬಹಳ ಹಳೆಯದಾಗಿ, ಆರ್.ಸಿ.ಎ. ಬದಲು ಐದು ಕಡ್ಡಿಯ ದುಂಡನೆಯ ಡಿನ್ ಸಾಕೆಟ್ಟು ಇದ್ದರೆ ಅದಕ್ಕೆ ಹೊಂದುವ ತಂತಿಯನ್ನೂ ಮಾಡಿಸಬಹುದು.

ಆಂಪ್ಲಿಫೈಯರಿನ ಬೆನ್ನಿನಲ್ಲಿ ಹಲವು ತೂತುಗಳಿರುತ್ತವೆ. ‘ಆಕ್ಸ್’, ‘ಸಿ.ಡಿ.’, ‘ಟ್ಯೂನರ್’ ಎಂದು ಬರೆದ ಯಾವುದಕ್ಕಾದರೂ ಜೋಡಿಸಬಹುದು. ‘ಫೋನೊ’ ಮತ್ತು ‘ಮೈಕ್’ ಎಂದು ಬರೆದವುಗಳಿಗೆ ಮಾತ್ರ ಜೋಡಿಸಲಾಗದು. ಗ್ರಾಮಫೋನಿನ ಮುಳ್ಳು, ಮೈಕು ಇವೆರಡೂ ಹೊಮ್ಮಿಸುವುದು ವೋಲ್ಟಿನ ಸಾವಿರದ ಕೆಲವೇ ಅಂಶಗಳನ್ನು. ಗಣಕದ ಡ್ಯಾಕ್ ಒಂದರಿಂದ ಎರಡು ವೋಲ್ಟಿನಷ್ಟನ್ನು ಹೊಮ್ಮಿಸಬಲ್ಲದು. ತೊಟ್ಟಿಕ್ಕುವ ನೀರಿಗೆಂದು ಇಟ್ಟ ಬಟ್ಟಲಿಗೆ ಕಾಲುವೆಯನ್ನೇ ತಿರುಗಿಸಿದರೆ ಆಗುವ ಗತಿಯೇ ಅಲ್ಲಿಯೂ ಆಗುತ್ತದೆ: ದನಿ ಒಡೆದು ಕಿವಿಗೆ ಕರ್ಕಶವಾಗುತ್ತದೆ. ಸ್ಪೀಕರಿಗೆ ಹೋಗುವ ಕಡೆಗೂ ಗಣಕದ ತಂತಿಯನ್ನು ಎಂದೂ ಮುಟ್ಟಿಸಕೂಡದು. ಅಲ್ಲಿನ ಶಕ್ತಿಯಿಂದ ಗಣಕವೇ ಸುಟ್ಟುಹೋದೀತು.

ಜೋಡಿಸುವಾಗ ಎರಡೂ ಯಂತ್ರಗಳು ಆರಿರಬೇಕು. ಮೊದಲು ಗಣಕಕ್ಕೆ ವಿದ್ಯುತ್ತು ಕೊಟ್ಟು, ಅದು ಎಚ್ಚರಗೊಂಡ ಬಳಿಕ ಆಂಪ್ಲಿಫೈಯರನ್ನು ಅದರ ದನಿಯ ಗುಂಡಿ ಸೊನ್ನೆಯಲ್ಲಿರುವಾಗ ಹಚ್ಚಬೇಕು. ಆರಿಸುವಾಗ ಆಂಪ್ಲಿಫೈಯರೇ ಮೊದಲು. ಈ ಕ್ರಮ ತಪ್ಪಿದರೆ ‘ಧಡ್’ ಎಂಬ ಸದ್ದಿನೊಡನೆ ಸ್ಪೀಕರಿನ ಕಾಗದದ ಪರದೆಗೆ ಪೆಟ್ಟು ಬೀಳುತ್ತದೆ. ಗಣಕದೊಳಗಿನ ದನಿಯ ಮಟ್ಟವನ್ನು ಮೇಲೆಯೇ ಇರಿಸಿ, ಹೆಚ್ಚು ಕಡಿಮೆ ಮಾಡುವುದನ್ನು ಆಂಪ್ಲಿಫೈಯರಿನ ಗುಂಡಿಗೆ ಬಿಡುವುದು ಉತ್ತಮ. ಎಲ್ಲವೂ ಸರಿಯಿದ್ದು ಸದ್ದೇ ಬರದಿದ್ದರೆ ಗಾಬರಿಪಡಬೇಕಾಗಿಲ್ಲ. ಗಣಕವು ದನಿಯನ್ನು ಎಚ್.ಡಿ.ಎಂ.ಐ. ಕಡೆಗೆ ಕಳುಹಿಸುತ್ತಿರುವುದೇ ಅನೇಕ ವೇಳೆ ಕಾರಣ. ತಂತ್ರಾಂಶದ ಆಯ್ಕೆಗಳಲ್ಲಿ ದನಿಯ ಹೊರದಾರಿಯನ್ನು ಡ್ಯಾಕ್‌ಗೆ ಬದಲಿಸಿದರೆ ಹಾಡು ಕೇಳಿಸುತ್ತದೆ.

ಗುಂಯ್ಗುಟ್ಟುವಿಕೆ, ಗುಡುಗು, ಕರೆಂಟು

ಹಾಡಿನ ಹಿಂದೆ ದುಂಬಿಯಂತೆ ಗುಂಯ್ಗುಟ್ಟುವ ಸದ್ದು ಕೇಳಿಬರುವುದುಂಟು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯುಳ್ಳದ್ದು. ಎರಡು ಯಂತ್ರಗಳು ಎರಡು ಬೇರೆ ದಾರಿಗಳಿಂದ ಭೂಮಿಯನ್ನು ಮುಟ್ಟಿದಾಗ ಆ ಆವರ್ತನೆ ದನಿಯ ತಂತಿಯೊಳಗೆ ನುಸುಳುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿದರೆ, ದನಿಯ ತಂತಿಯನ್ನು ವಿದ್ಯುತ್ ತಂತಿಗಳಿಂದ ದೂರವಿರಿಸಿದರೆ ಸಾಮಾನ್ಯವಾಗಿ ದೋಷ ನೀಗುತ್ತದೆ. ನೀಗದಿದ್ದರೆ ನಡುವೆ ಹಾಕುವ ಚಿಕ್ಕ ಐಸೊಲೇಟರ್ ದೊರೆಯುತ್ತದೆ. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದುಹಾಕುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದು ಪ್ರಾಣಕ್ಕೆ ಸಂಚಕಾರ, ಎಂದಿಗೂ ಮಾಡಕೂಡದು.

ಕಬಕದಂಥ ಊರಿನಲ್ಲಿ ಗುಡುಗು ಸಿಡಿಲಿನ ಚಿಂತೆ ದೊಡ್ಡದು. ಮಳೆಗಾಲಕ್ಕೆ ಮುಂಚಿನ ಏಪ್ರಿಲ್ ಮೇ ತಿಂಗಳುಗಳಲ್ಲಿ, ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಮೋಡ ಕಟ್ಟಿ ಸಿಡಿಲು ಎರಗುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಹೊರಗಿನಿಂದ ತಾಮ್ರದ ತಂತಿಯ ಮೂಲಕ ಇಂಟರ್ನೆಟ್ಟು ಬರುತ್ತಿದ್ದರೆ ಆ ತಂತಿಯನ್ನೂ ಬಿಡಿಸಬೇಕು. ಕರೆಂಟು ಹಠಾತ್ತನೆ ಹೋಗುವುದು ಇನ್ನೊಂದು ತೊಂದರೆ. ಬರೆಯುತ್ತಿರುವಾಗ ವಿದ್ಯುತ್ತು ತಪ್ಪಿದರೆ ಮೆಮೊರಿ ಕಾರ್ಡಿನ ಬರಹ ಕಲಸಿಹೋಗುತ್ತದೆ. ಆದ್ದರಿಂದ ಗಣಕವನ್ನು ಮನೆಯ ಇನ್ವರ್ಟರಿಗೆ ಜೋಡಿಸುವುದು, ಮುಗಿಸುವಾಗ ತಂತ್ರಾಂಶದಲ್ಲಿಯೇ ‘ಆರಿಸು’ ಎಂಬ ಆಜ್ಞೆ ಕೊಟ್ಟು ಬಳಿಕ ಸ್ವಿಚ್ಚು ತೆಗೆಯುವುದು ಅಗತ್ಯ.

ಕಿವಿಯಿಲ್ಲದ ಗಣಕಕ್ಕೆ ಕಿವಿ

ಇನ್ನು ಆ ಹುಡುಗಿ ಹೇಳಿದ ಕಿವಿಯ ಮಾತು. ಈ ಗಣಕಕ್ಕೆ ದನಿಯನ್ನು ಒಳಗೆ ತೆಗೆದುಕೊಳ್ಳುವ ತೂತಿಲ್ಲ. ಕ್ಯಾಸೆಟ್ಟಿನಲ್ಲಿರುವ ಹಾಡು ಅದರೊಳಗೆ ಹೋಗಬೇಕಾದರೆ ಅಲೆಯನ್ನು ಮರಳಿ ಅಂಕೆಯಾಗಿಸುವ, ‘ಲೈನ್ ಇನ್’ ಎಂಬ ತೂತುಳ್ಳ ಯು.ಎಸ್.ಬಿ. ಸಾಧನ ಬೇಕು. ಅಗ್ಗದ ಸಾಧನಗಳಲ್ಲಿ ಮೈಕಿನ ತೂತು ಮಾತ್ರ ಇರುತ್ತದೆ, ಅದು ಈ ಕಾರ್ಯಕ್ಕೆ ಒದಗದು. ಟೇಪ್ ಡೆಕ್ಕಿನ ‘ಲೈನ್ ಔಟ್’ನಿಂದ ಈ ಸಾಧನಕ್ಕೆ ತಂತಿ ಎಳೆದು, 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬಹುದು. ಮುದ್ರಿಸುವಾಗ ದನಿಯ ಅಳತೆಪಟ್ಟಿ ತುದಿಯ ಸೊನ್ನೆಯನ್ನು ಮುಟ್ಟದಂತೆ ಆರು ಡೆಸಿಬೆಲ್ಲಿನಷ್ಟು ಕೆಳಗಿರಲಿ. ಅಂಕೆಯ ಮುದ್ರಣದಲ್ಲಿ ಒಮ್ಮೆ ಒಡೆದ ದನಿಯನ್ನು ಮರಳಿ ಕೂಡಿಸಲಾಗದು.

ಆದರೆ ಇದಕ್ಕೂ ಮೊದಲು ಕ್ಯಾಸೆಟ್ಟಿನ ಸ್ಥಿತಿಯನ್ನು ನೋಡಬೇಕು. ತುಳುವರು ಆಟಿ ಎಂದು ಕರೆಯುವ ತಿಂಗಳಲ್ಲಿ ಕಬಕದ ಮನೆಗಳಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಟೇಪಿನ ಸುರುಳಿಯ ಮೇಲೂ ಬೆಳ್ಳಗೆ ಪುಡಿಯಂತೆ ಕೂಡುತ್ತದೆ. ಹಾಗೆಯೇ ಡೆಕ್ಕಿಗೆ ಹಾಕಿದರೆ ಟೇಪೂ ಹರಿದೀತು, ಡೆಕ್ಕಿನ ಹೆಡ್ಡೂ ಕೆಟ್ಟೀತು; ಆ ಡೆಕ್ಕಿನಿಂದ ಮುಂದಿನ ಕ್ಯಾಸೆಟ್ಟಿಗೂ ಬೂಷ್ಟು ಅಂಟೀತು. ಬೂಷ್ಟು ಹಿಡಿದ ಸುರುಳಿಯನ್ನು ಬಲ್ಲವರ ಕೈಗೆ ಕೊಟ್ಟು ಶುದ್ಧಮಾಡಿಸಬೇಕು. ಚೆನ್ನಾಗಿರುವ ಸುರುಳಿಯನ್ನು ಸಹ ಮೊದಲೊಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ ಸಡಿಲಿಸಿಕೊಳ್ಳಬೇಕು. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಎಸಳುಗಳಿರುತ್ತವೆ. ಅವನ್ನು ಮುರಿದರೆ ಕೈತಪ್ಪಿಯೂ ಅದರ ಮೇಲೆ ಬೇರೆ ಮುದ್ರಣವಾಗದು. ತಾಯಿಯ ದನಿಯ ಮೇಲೆ ಕ್ರಿಕೆಟ್ ವೀಕ್ಷಕವಿವರಣೆ ಬಿದ್ದ ಮನೆಗಳನ್ನು ನಾವು ಬಲ್ಲೆವು.

ಕಬಕದ ಆ ಮೂರು ಸುರುಳಿಗಳಲ್ಲಿ ಒಂದಕ್ಕೆ ಬೂಷ್ಟು ಹಿಡಿದಿತ್ತು. ಶುದ್ಧಮಾಡಿಸಿದ ಬಳಿಕ ಅದರ ಒಂದು ಬದಿ ಮಾತ್ರ ದಕ್ಕಿತು. ಉಳಿದ ಎರಡರಲ್ಲಿ ಹಾಡುಗಳು ಪೂರ್ತಿಯಾಗಿದ್ದವು. ಅವುಗಳಲ್ಲಿ ಒಂದು ಬೀಸುವ ಪದ ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮೊಬೈಲಿನ ಮೂಲಕ ಹಾವೇರಿಯ ಕಡೆಯಲ್ಲಿರುವ ಯಜಮಾನರ ಅಕ್ಕನಿಗೆ ಕಳುಹಿಸಿದಾಗ ಆ ವೃದ್ಧೆ, “ಇದು ನಮ್ಮ ಅವ್ವ ತನ್ನ ತವರಿನಾಗ ಕಲ್ತದ್ದು” ಎಂದು ಹೇಳಿ, ಟೇಪಿನಲ್ಲಿಲ್ಲದ ಮುಂದಿನ ಎರಡು ನುಡಿಗಳನ್ನು ತಾವೇ ಹಾಡಿ ಕಳುಹಿಸಿದರಂತೆ. ಯಂತ್ರವು ದನಿಯನ್ನು ಕಾಯ್ದುಕೊಟ್ಟಿತು. ಅದರ ಹೆಸರನ್ನೂ ಊರನ್ನೂ ಹೇಳಲು ಒಬ್ಬ ಮುದುಕಿ ಬದುಕಿರಬೇಕಾಯಿತು. ಇನ್ನು ಕೆಲವು ವರ್ಷ ತಡವಾಗಿದ್ದರೆ ದನಿ ಉಳಿದರೂ ಅದು ಏನೆಂದು ಹೇಳುವವರು ಉಳಿಯುತ್ತಿರಲಿಲ್ಲ.

ಕಾಪಿಡುವ ಬಗೆ

ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಸಿ.ಡಿ.ಯ ಗುಣಮಟ್ಟದಲ್ಲಿ ಮುದ್ರಿಸಿದರೆ ಸುಮಾರು 635 ಮೆಗಾಬೈಟು ಆಗುತ್ತದೆ. 32 ಗಿಗಾಬೈಟಿನ ಕಾರ್ಡಿನಲ್ಲಿ ತಂತ್ರಾಂಶಕ್ಕೆ ಸ್ಥಳ ಬಿಟ್ಟೂ ನಲವತ್ತಕ್ಕಿಂತ ಹೆಚ್ಚು ಕ್ಯಾಸೆಟ್ಟುಗಳು ಹಿಡಿಸುತ್ತವೆ. ಫ್ಲ್ಯಾಕ್ ಎಂಬ ರೂಪದಲ್ಲಿ ಇಟ್ಟರೆ ದನಿಯ ಒಂದು ಅಂಶವೂ ನಷ್ಟವಾಗದೆ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಂ.ಪಿ.3 ಇನ್ನೂ ಚಿಕ್ಕದು, ಆದರೆ ಅದು ದನಿಯ ಕೆಲವು ಅಂಶಗಳನ್ನು ಬಿಟ್ಟುಕೊಟ್ಟು ಚಿಕ್ಕದಾಗುತ್ತದೆ. ಬಂಧುಗಳಿಗೆ ಕಳುಹಿಸಲು ಎಂ.ಪಿ.3, ಮನೆಯಲ್ಲಿ ಕಾಪಿಡಲು ಫ್ಲ್ಯಾಕ್ ಎಂದು ಇಟ್ಟುಕೊಳ್ಳುವುದು ಸೂಕ್ತ.

ಮೆಮೊರಿ ಕಾರ್ಡೂ ಶಾಶ್ವತವಲ್ಲ. ಒಂದು ಪ್ರತಿ ಗಣಕದಲ್ಲಿ, ಒಂದು ಪ್ರತ್ಯೇಕ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರಲಿ. ಪ್ರತಿಯೊಂದು ಹಾಡಿಗೂ ಹಾಡಿದವರ ಹೆಸರು, ಊರು, ವರ್ಷ, ಸಂದರ್ಭ ಇವನ್ನು ಬರೆದಿಡಬೇಕು. ‘ಟ್ರ್ಯಾಕ್ 1’ ಎಂದು ಬರೆದಿಟ್ಟ ದನಿ ಮೊಮ್ಮಕ್ಕಳ ಕಾಲಕ್ಕೆ ಅನಾಮಿಕವಾಗುತ್ತದೆ. ಮೂಲ ಕ್ಯಾಸೆಟ್ಟನ್ನು ಎಸೆಯಲಾಗದು. ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಅಂಗಡಿಯಿಂದ ಕೊಂಡ ಕ್ಯಾಸೆಟ್ಟುಗಳ ಪ್ರತಿ ಮನೆಯ ಬಳಕೆಗೆ ಮಾತ್ರ ಇರಲಿ, ಅದನ್ನು ಮಾರುವುದಾಗಲಿ ಹಂಚುವುದಾಗಲಿ ಸಲ್ಲದು. ಅದು ಹಾಡಿದವರ ಕಾಯಕದ ಫಲ.

ಸದ್ಭಕ್ತರೇ, ತಾಯಂದಿರೇ, ಈ ಜೋಡಣೆಯನ್ನು ಮನೆಯ ಮಕ್ಕಳು ಒಂದು ರಜಾದಿನದಲ್ಲಿ ಮಾಡಿಕೊಡಬಲ್ಲರು. ಕ್ಯಾಸೆಟ್ಟುಗಳ ಕೆಲಸಕ್ಕೆ ಮಾತ್ರ ಹಿರಿಯರು ಜೊತೆಗೆ ಕುಳಿತುಕೊಳ್ಳಬೇಕು. ಟ್ರಂಕಿನಲ್ಲಿರುವುದೆಲ್ಲವನ್ನೂ ಒಮ್ಮೆಲೆ ಮುಗಿಸುವ ಹವಣಿಕೆ ಬೇಡ. ಮನೆಯವರು ಹಾಡಿದ್ದನ್ನು ಮೊದಲು, ಪೇಟೆಯಲ್ಲಿ ಸಿಗುವುದನ್ನು ಕೊನೆಗೆ ಕೈಗೆತ್ತಿಕೊಳ್ಳಿರಿ. ಘಟ್ಟದ ಕೆಳಗಿನವರಿಗೆ ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣಹವೆಯ ತಿಂಗಳುಗಳು ಈ ಕಾರ್ಯಕ್ಕೆ ಪ್ರಶಸ್ತವಾದ ಕಾಲ. ವಾರಕ್ಕೊಂದು ಸುರುಳಿಯಂತೆ ನಡೆದರೂ ಮಳೆ ಬರುವ ಹೊತ್ತಿಗೆ ಹದಿನೈದು ಸುರುಳಿಗಳಾದರೂ ಸುರಕ್ಷಿತವಾಗುತ್ತವೆ.